ಬಲಗಡೆಯ ಅರ್ಧ

ಚಾರ್ಜರಿನ ಬಿಳಿ ವೈರು ಗೋಡೆಯ ಪ್ಲಗ್ಗಿನಿಂದ ಇಳಿದು ಈರುಳ್ಳಿ ಚೀಲಗಳ ಹಿಂದೆ ಹೋಗಿತ್ತು. ಈರುಳ್ಳಿಗೆ ಯಾರೂ ಚಾರ್ಜ್ ಹಾಕುವುದಿಲ್ಲ.

ವೈರು ಹಿಡಿದು ಎಳೆದೆ. ಒಳಗೆ ಭಾರವಾದದ್ದು ಏನೋ ಜಾರಿತು. ಚೀಲಗಳ ಸಂದಿಗೆ ಮೊಣಕೈವರೆಗೂ ಕೈ ಹಾಕಿದೆ. ಸಿಕ್ಕಿದ್ದು ಅಶ್ವಿನಿಯ ಹಳೆಯ ಟ್ಯಾಬ್. ನೀಲಿ ಕವರು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮೂಲೆಗೆ ಅಂಟಿಸಿದ್ದ ಚಿಟ್ಟೆಯ ಒಂದು ರೆಕ್ಕೆ ಇನ್ನೂ ಉಳಿದಿತ್ತು.

"ಸಾರ್, ಇನ್ನೊಂಚೂರು ಈ ಕಡೆ ಬೆಳಕು ಬಿಡಿ."

ರಾಮಸ್ವಾಮಿ ಅವರು ನನ್ನ ಫೋನಿನ ಟಾರ್ಚನ್ನು ನನ್ನ ಕೈಯ ಮೇಲೆ ಬಿಟ್ಟರು. 

ನನ್ನ ತಂಗಿ ಮಲ್ಲಿಕಾಂಬ ಅಜ್ಜಂಪುರದ ತನ್ನ ಮನೆಯಿಂದ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಹೋಗುವಾಗ ಮಗಳು ಅಶ್ವಿನಿಯ ಟ್ಯಾಬನ್ನೂ ತೆಗೆದುಕೊಂಡು ಹೋದಳು ಎಂದು ಅವಳ ಗಂಡ ಕಾಂತರಾಜ್ ಪೊಲೀಸರಿಗೆ ಬರೆದುಕೊಟ್ಟಿದ್ದ. ಆ ಟ್ಯಾಬು ಅವನದೇ ಗೋದಾಮಿನಲ್ಲಿ ನನ್ನ ಕೈಗೆ ಬಂದಿತ್ತು.

ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಈರುಳ್ಳಿಯ ಘಾಟಿಗೆ. ಒಂಬತ್ತು ದಿನದಲ್ಲಿ ನನ್ನದು ಅಂತ ಒಂದು ಹನಿಯೂ ಬಂದಿರಲಿಲ್ಲ.

"ಇದೇನಾ ತೀರ್ಥಮ್ಮ?" ರಾಮಸ್ವಾಮಿ ಕೇಳಿದರು.

"ಇದೇ ಸಾರ್. ಸೋಮವಾರ ಮಲ್ಲಿ ನಂಗೆ ಫೋನ್ ಮಾಡಿದ್ದು ಇದ್ರಿಂದಲೇ."

"ನಂಗೆ ಈ ಟ್ಯಾಬು ಗೀಬು ಒಂದೂ ತಿಳಿಯೋದಿಲ್ಲಪ್ಪ. ಮೊಮ್ಮಗಳು ಅನ್ವಿತಾ ಫೋನ್ ಹಚ್ಚಿಕೊಟ್ರೆ ಮಾತಾಡ್ತೀನಿ, ಅಷ್ಟೆ. ನಮ್ಮ ಕಾಲಕ್ಕೆ ಹ್ಯಾಂಡಲ್ ತಿರುಗಿಸೋ ಫೋನೇ ಸಾಕಾಗಿತ್ತು."

ಆ ಫೋನಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ಹಾಗೆ ಹತ್ತೊಂಬತ್ತು ವರ್ಷ. ಅವರು ಸ್ಟೇಷನ್ ಮಾಸ್ಟರು. ನಾನು ಬೀರೂರಿನ ಆಚೆ ರೈಲ್ವೆ ಗೇಟು ಕಾಯುವವಳು. ಗ್ಯಾಂಗ್‌ಮನ್ ಆಗಿದ್ದ ಯಜಮಾನರು ಹಳಿಯ ಮೇಲೆಯೇ ತೀರಿಹೋದಾಗ ಕೊಟ್ಟ ನೌಕರಿ ಅದು. ಗಾಡಿ ಬಿಡುವ ಮುಂಚೆ ಅವರು "ಗೇಟ್ ಹಾಕಿದ್ರಾ, ತೀರ್ಥಮ್ಮ?" ಎಂದು ಕೇಳುವರು. "ಹಾಕಿದೆ ಸಾರ್" ಎಂದು ನಾನು ನನ್ನ ಚೀಟಿಯಲ್ಲಿದ್ದ ಗುಟ್ಟಿನ ನಂಬರು ಹೇಳಬೇಕು. ಅವರು ಅದನ್ನು ತಿರುಗಿ ಹೇಳಿ ಬರೆದುಕೊಳ್ಳಬೇಕು. ಆಮೇಲೇ ಗಾಡಿ. ದಿನಾ ಸಂಜೆ ನಾಲ್ಕಕ್ಕೆ ಟೈಮ್ ಕೊಡುವವರೂ ಅವರೇ. ಅವರು ಹೇಳಿದ ನಿಮಿಷಕ್ಕೆ ನಾನು ಗೇಟಿನ ಗಡಿಯಾರದ ಮುಳ್ಳು ತಿರುಗಿಸಬೇಕು. ಆ ದನಿಯನ್ನು ನಂಬದೆ ಇದ್ದಿದ್ದರೆ ಎಷ್ಟು ಜನ ಸಾಯುತ್ತಿದ್ದರೋ.

ಈಗ ಅವರು ನಿವೃತ್ತರಾಗಿ ಹೆಂಡತಿ ಅಲಮೇಲು ಜೊತೆ ಕಡೂರಿನಲ್ಲಿದ್ದಾರೆ. ಮಲ್ಲಿ ಕಾಣೆಯಾದ ಮಾರನೇ ದಿನದಿಂದ ತಮ್ಮ ಕಾರಿನಲ್ಲಿ ನನ್ನನ್ನು ಊರೂರು ಸುತ್ತಿಸುತ್ತಿದ್ದರು.

"ಗೋದಾಮಿನಲ್ಲೇ ಇರತ್ತೆ ಅಂತ ಹೇಗೆ ಅಂದುಕೊಂಡ್ರಿ?" ಎಂದರು ಈಗ.

"ಹಾರನ್ ಸಾರ್."

ಸೋಮವಾರದ ಕರೆಯನ್ನು ಅಶ್ವಿನಿ ನನ್ನ ಫೋನಿನಲ್ಲಿ ಹಾಗೇ ರೆಕಾರ್ಡ್ ಮಾಡಿದ್ದಳು. ಅದನ್ನು ನಾನು ನಲವತ್ತು ಸಲವಾದರೂ ನೋಡಿದ್ದೆ. ಮಲ್ಲಿಯ ಮಾತಿನ ಹಿಂದೆ ಒಂದು ಗಾಡಿ ಉದ್ದಕ್ಕೆ ಊದಿತು. ಉಸಿರು ಬಿಟ್ಟು ಹಿಡಿಯುವಷ್ಟರಲ್ಲಿ ಇನ್ನೊಂದು ಸಲ ಊದಿತು. ಹತ್ತಿರ ಹತ್ತಿರ ಎರಡು ಗೇಟುಗಳಿರುವ ಕಡೆ ಮಾತ್ರ ಡ್ರೈವರು ಹಾಗೆ ಊದುತ್ತಾನೆ. ಕಾಂತರಾಜನ ಗೋದಾಮಿನ ಹಿತ್ತಲಿಗೆ ಅಂಥ ಜಾಗ ಇದೆ.

"ಭೇಷ್," ಎಂದರು ರಾಮಸ್ವಾಮಿ. ನನ್ನ ಫೋನಿನ ಟಾರ್ಚು ಆರಿಸಿ, ಫೋನನ್ನು ತಮ್ಮ ಶರ್ಟಿನ ಜೇಬಿಗೆ ಹಾಕಿಕೊಂಡರು. ನಾನು ಎರಡೂ ಕೈಯಲ್ಲಿ ಟ್ಯಾಬು ಹಿಡಿದಿದ್ದೆ.

ಹೊರಗೆ ಬೈಕು ನಿಂತ ಸದ್ದಾಯಿತು.

ಕಾಂತರಾಜ್ ಬಾಗಿಲಿಗೆ ಅಡ್ಡ ನಿಂತ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಎಲ್ಲಿಂದಲೋ ಪೂಜೆ ಮುಗಿಸಿಕೊಂಡು ಬಂದಿದ್ದ. ನಕ್ಕ.

"ಏನ್ ಅಕ್ಕಾರೇ, ಈರುಳ್ಳಿ ಬೇಕಿತ್ತಾ? ಒಂದ್ ಮಾತು ಹೇಳಿದ್ರೆ ತರೀಕೆರೆಗೇ ಒಂದ್ ಚೀಲ ಇಳಿಸ್ತಿದ್ನಲ್ಲ."

"ಈರುಳ್ಳಿ ಜೊತೆ ಇದೂ ಬೆಳೆದೈತೆ ನೋಡಪ್ಪ."

ಟ್ಯಾಬು ತೋರಿಸಿದೆ. ಅವನ ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಹೋಗಿತ್ತು.

"ಓ, ಅದಾ. ಅದು ಕೆಟ್ಟೋಗಿತ್ತು. ಎಲ್ಲೋ ಬಿದ್ದಿತ್ತು."

"ಕೆಟ್ಟೋಗಿರೋದಕ್ಕೆ ಚಾರ್ಜು ಯಾಕೆ ಹಾಕಿದೀಯ?"

"ಆಳುಗಳು ಹಾಕಿರ್ತಾರೆ. ಅವರಿಗೇನ್ ಗೊತ್ತು."

"ಪೊಲೀಸ್ನೋರಿಗೆ ಮಲ್ಲಿ ತಗಂಡೋದ್ಲು ಅಂತ ಬರ್ಕೊಟ್ಟಿದೀಯಲ್ಲ?"

"ನಾನಂದಿದ್ದು ಮೊಬೈಲು."

"ಟ್ಯಾಬ್ ಅಂತ ಬರೆದೈತೆ ಕಣಪ್ಪ. ನಾನು ರಾತ್ರಿ ಶಾಲೇಲಿ ಅಕ್ಷರ ಕಲ್ತೋಳು. ಕಾಲೇಜು ಓದ್ದೋರಂಗೆ ಹಾರಿಸಿ ಓದೋಕೆ ನಂಗೆ ಬರಲ್ಲ. ಒಂದೊಂದಕ್ಕೂ ಬೆರಳಿಟ್ಟು ಓದ್ತೀನಿ."

ಅವನು ಒಳಗೆ ಎರಡು ಹೆಜ್ಜೆ ಬಂದ. ಈರುಳ್ಳಿ ಸಿಪ್ಪೆ ಅವನ ಚಪ್ಪಲಿಯ ಕೆಳಗೆ ಚರಚರ ಅಂದಿತು.

"ಅಕ್ಕಾರೇ, ನಿಮ್ಮ ತಂಗಿ ನಿಮಗೇ ಫೋನ್ ಮಾಡಿ, ಮುಖ ತೋರಿಸಿ, ನನ್ನಿಷ್ಟದಿಂದ ಬಂದಿದೀನಿ, ಹುಡುಕಬ್ಯಾಡಿ ಅಂದ್ಲು. ಪೊಲೀಸ್ನೋರೂ ಅದನ್ನ ನೋಡಿ ಅವರಾಗೇ ಹೋಗಿದಾರೆ ಅಂತ ಬರ್ಕಂಡ್ರು. ಇನ್ನೇನು ನಿಮ್ಮ ಪತ್ತೇದಾರಿಕೆ?"

"ಮಾತಾಡುವಾಗ ಅವಳ ಕಣ್ಣು ಬಲಗಡೇಗೆ ಹೋಗ್ತಿತ್ತು. ಮಾತಿಗೊಂದ್ಸಲ. ಯಾರಿದ್ರು ಅಲ್ಲಿ? ನೀನಾ?"

"ಏನೋ ಬರ್ಕಂಡಿದ್ದನ್ನ ನೋಡ್ಕಂಡು ಹೇಳಿರ್ತಾಳೆ."

"ಅವಳಿಗೆ ಓದೋಕೆ ಬರಲ್ಲ ಕಾಂತರಾಜು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀಯ. ಅಷ್ಟೂ ಗೊತ್ತಿಲ್ವಾ?"

 ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಒಂದೇ ಸಮ ಪೀಪೀ ಅನ್ನುತ್ತಿತ್ತು.

ಇಡೀ ಗಲಾಟೆ ನಾಲ್ಕು ಎಕರೆಯದು. ನಮ್ಮಪ್ಪ ಮಲ್ಲಿಯ ಹೆಸರಿಗೆ ಖಾತೆ ಮಾಡಿಸಿಕೊಟ್ಟ ಜಮೀನು. ಹೈವೇ ಅದರ ಮಗ್ಗುಲಿಗೇ ಬಂದ ಮೇಲೆ ಕಾಂತರಾಜ್ ಅದನ್ನು ಯಾರಿಗೋ ಬರೆದುಕೊಡಲು ಹೊರಟಿದ್ದ. ಅದು ಅಶ್ವಿನಿಯದು, ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಮಲ್ಲಿ ಕೂತುಬಿಟ್ಟಿದ್ದಳು. ಯಾವುದಕ್ಕೂ ಎದುರು ಹೇಳದವಳು ಅದೊಂದಕ್ಕೆ ಹೇಳಿದ್ದಳು.

"ಅವಳೆಲ್ಲಿ?" ಎಂದೆ.

"ನಾಡಿದ್ದು ಸೋಮವಾರ ನೋಂದಣಿ ಕಚೇರಿಗೆ ಅವಳೇ ಬತ್ತಾಳೆ. ಅವಳ ಕೈಯಾರೆ ಹೆಬ್ಬೆಟ್ಟು ಒತ್ತಾಳೆ. ಬೇಕಾದ್ರೆ ಬಂದು ನೋಡ್ಕಳಿ. ನಿಮಗೂ ಒಂದ್ ಕಾಫಿ ಕುಡಿಸ್ತೀನಿ."

"ಒತ್ತಿದ ಮೇಲೆ?"

"ಒತ್ತಿದ ಮೇಲೆ ಏನು?"

"ಒತ್ತಿದ ಮೇಲೆ ಅವಳು ಎಲ್ಲಿಗೆ ಹೋಗ್ತಾಳೆ ಅಂತ ಕೇಳ್ದೆ."

ಅವನು ಬೈಕಿನ ಕೀಯನ್ನು ಬೆರಳಲ್ಲಿ ತಿರುಗಿಸಿದ. ಉತ್ತರ ನನಗೆ ಗೊತ್ತಾಯಿತು. ಎದೆ ಝಲ್ ಅನ್ನಬೇಕಿತ್ತು. ಅನ್ನಲಿಲ್ಲ. ಸೋಮವಾರಕ್ಕೆ ಇನ್ನೆಷ್ಟು ಗಂಟೆ ಇದೆ ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ.

ಅವನು ಥಟ್ಟನೆ ಟ್ಯಾಬಿಗೆ ಕೈ ಹಾಕಿದ. ನಾನು ಬಿಡಲಿಲ್ಲ. ಅರವತ್ತೆಂಟು ವರ್ಷದವಳಾದರೇನು, ಗೇಟಿನ ಚಕ್ರ ತಿರುಗಿಸಿದ ಕೈ ಇದು.

"ಕೊಡಿ ಅಕ್ಕಾರೇ. ಮರ್ಯಾದೆ ಇರಲಿ."

"ಬಿಡಪ್ಪ," ಎಂದರು ರಾಮಸ್ವಾಮಿ. ಜೋರಾಗಿ ಹೇಳಲಿಲ್ಲ. "ಬಿಡು ಅಂದೆ."

ಕಾಂತರಾಜ್ ಅವರ ಮುಖ ನೋಡಿದ. ತಕ್ಷಣ ಕೈ ಇಳಿಸಿದ. ಪೊಲೀಸಿನವರು ಎರಡು ಸಲ ಹೇಳಿದರೂ ಕೂತ ಕುರ್ಚಿಯಿಂದ ಏಳದಿದ್ದ ಮನುಷ್ಯ ಅವನು. ಸ್ಟೇಷನ್ ಮಾಸ್ಟರಿನ ದನಿಯೇ ಹಾಗೆ, ಕೇಳಿದವನು ಪಾಲಿಸಲೇಬೇಕು ಎಂದುಕೊಂಡೆ. ಅಷ್ಟಕ್ಕೇ ಬಿಟ್ಟೆ. ಅಲ್ಲಿ ನಾನು ನಿಂತು ಯೋಚಿಸಬೇಕಿತ್ತು.

ಕಾರು ಊರು ದಾಟುವ ಮೊದಲೇ ರೈಲ್ವೆ ಗೇಟು ಬಿದ್ದಿತ್ತು. ರಾಮಸ್ವಾಮಿ ಎಂಜಿನ್ ಆರಿಸಿದರು. ಮುಂದೆ ಎರಡು ಬೈಕು, ಒಂದು ಹುಲ್ಲಿನ ಟ್ರ್ಯಾಕ್ಟರು. ಗೇಟಿನ ಆಚೆಗೆ ರಸ್ತೆ ಎರಡಾಗುತ್ತದೆ. ಬಲಕ್ಕೆ ತರೀಕೆರೆ, ನೇರ ಹೋದರೆ ಬೀರೂರು, ಕಡೂರು.

"ಮನೆಗೆ ಹೋಗಿ ನೋಡೋಣ ಅದನ್ನ," ಎಂದರು. "ಬಿಸಿಲು. ಕಣ್ಣಿಗೆ ಕಾಣೋದಿಲ್ಲ."

"ಇಲ್ಲೇ ನೋಡ್ತೀನಿ ಸಾರ್. ಸಿಮ್ಮು ಐತೆ, ಚಾರ್ಜು ಮಾತ್ರ ಹನ್ನೊಂದೇ ಪರ್ಸೆಂಟು."

ಬೀಗ ಬಿಡಿಸುವ ಗೆರೆಯನ್ನು ಅಶ್ವಿನಿ ನನಗೆ ಹೇಳಿಕೊಟ್ಟಿದ್ದಳು. ಮಲ್ಲಿ ಕಾಣೆಯಾದಾಗಿನಿಂದ ಅಶ್ವಿನಿ ತರೀಕೆರೆಯ ನನ್ನ ಮನೆಯಲ್ಲಿದ್ದಾಳೆ. ಅದು ನನಗೂ ಅವಳಿಗೂ ಮಾತ್ರ ಗೊತ್ತು. ಮಿಕ್ಕ ಎಲ್ಲರಿಗೂ, ರಾಮಸ್ವಾಮಿ ಅವರಿಗೂ, ಹುಡುಗಿ ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಳೆ ಎಂದು ಹೇಳಿದ್ದೆ. ಅವರ ಮೇಲೆ ಅನುಮಾನವೇನೂ ಇರಲಿಲ್ಲ. ಬಾಯಿಂದ ಆಚೆ ಬಾರದ ಮಾತು ಊರು ಸುತ್ತುವುದಿಲ್ಲ, ಅದಕ್ಕೆ.

ಟ್ಯಾಬು ತೆರೆಯಿತು. ಮುಖಪುಟದಲ್ಲಿ ಏನೂ ಇರಲಿಲ್ಲ, ಎಲ್ಲ ಅಳಿಸಿಹಾಕಿದಂತಿತ್ತು.

ಹೋದ ವಾರ ಅಶ್ವಿನಿ ಚಾಪೆಯ ಮೇಲೆ ಕೂತು ಓದುವಾಗ ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವಳ ಹೊಸ ಟ್ಯಾಬಿನಲ್ಲಿ ಎಡಗಡೆ ಮೇಷ್ಟರು ಪಾಠ ಹೇಳುತ್ತಿದ್ದರು, ಬಲಗಡೆ ಅವಳು ಬರೆದುಕೊಳ್ಳುತ್ತಿದ್ದಳು. ಒಂದೇ ಪರದೆ, ಎರಡು ಪಾಲು, ನಡುವೆ ಒಂದು ಕಪ್ಪು ಗೆರೆ.

"ಇದೇನೇ, ಅಣ್ಣತಮ್ಮಂದಿರು ಮನೆ ಪಾಲು ಮಾಡ್ಕಂಡಂಗೆ?" ಎಂದಿದ್ದೆ.

ಅವಳು ನಕ್ಕಿದ್ದಳು. ಅವ್ವ ಹೋದ ಮೇಲೆ ನಕ್ಕಿದ್ದು ಅದೊಂದೇ ಸಲ. "ಎರಡು ಆ್ಯಪು ಒಟ್ಟಿಗೆ ನಡೀತಾವೆ ದೊಡ್ಡಮ್ಮ. ಒಂದು ನಿಲ್ಲಲ್ಲ, ಇನ್ನೊಂದೂ ನಿಲ್ಲಲ್ಲ. ಈ ನಡುವಿನ ಗೆರೇನ ಬೆರಳಲ್ಲಿ ತುದಿಗೆ ತಳ್ಳಿದ್ರೆ ಆ ಕಡೇದು ಮುಚ್ಚಿಕೊಳ್ಳುತ್ತೆ, ಈ ಕಡೇದು ದೊಡ್ಡದಾಗುತ್ತೆ."

"ಮುಚ್ಚಿದ್ದು ಮತ್ತೆ ಬೇಕಂದ್ರೆ?"

"ಕೆಳಗೆ ಮೂರು ಗೀಟು ಇದೆಯಲ್ಲ, ಅದನ್ನೊತ್ತು. ಆಗ್ಲೇ ತೆರೆದಿದ್ದೆಲ್ಲ ಸಾಲಾಗಿ ಬರ್ತಾವೆ. ಜೋಡಿ ಮಾಡಿದ್ದು ಜೋಡಿಯಾಗೇ ಬರುತ್ತೆ."

ಕೆಳಗಿನ ಮೂರು ಗೀಟು ಒತ್ತಿದೆ.

ಬಂದದ್ದು ಒಂದೇ ಚೌಕ. ನಡುವೆ ಗೆರೆ. ಎಲ್ಲವನ್ನೂ ಅಳಿಸಿದವನು ಈ ಜೋಡಿಯನ್ನು ಮರೆತಿದ್ದ.

ಮುಟ್ಟಿದೆ. ಎಡಗಡೆ ವಿಡಿಯೋ ಕರೆಯ ಆ್ಯಪು ತೆರೆಯಿತು. ಸೋಮವಾರದ ಕರೆ, ಪಕ್ಕದಲ್ಲಿ ನನ್ನ ಹೆಸರು. ಅಶ್ವಿನಿ ಎಂದೋ ಹಾಕಿದ್ದ ಹೆಸರು: ದೊಡ್ಡಮ್ಮ.

ಬಲಗಡೆ ಬರೀ ಬೂದು ಬಣ್ಣ. ನಡುವೆ ಒಂದು ಚುಕ್ಕಿ ಸುತ್ತುತ್ತಿತ್ತು.

"ಏನು ಬಂತು?" ರಾಮಸ್ವಾಮಿ ಗೇಟಿನ ಕಡೆಗೇ ನೋಡುತ್ತಾ ಕೇಳಿದರು.

"ಬರ್ತಾ ಐತೆ ಸಾರ್."

ದೂರದಲ್ಲಿ ಗಾಡಿ ಊದಿತು. ಉದ್ದಕ್ಕೆ ಒಂದು ಸಲ. ಮತ್ತೊಂದು ಸಲ.

ಬೂದು ಬಣ್ಣ ಹೋಗಿ ಒಂದು ಕೋಣೆ ಬಂತು. ಮೇಲಿನಿಂದ ನೋಡಿದ ಹಾಗೆ. ನೆಲದ ಮೇಲೆ ಚಾಪೆ. ಚಾಪೆಯ ಮೇಲೆ ಒಬ್ಬಳು ಹುಡುಗಿ, ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಬೈತಲೆ ಕಾಣುತ್ತಿತ್ತು. ಪಕ್ಕದಲ್ಲಿ ಮೊರ, ಮೊರದಲ್ಲಿ ಅರ್ಧ ಸುಲಿದ ಅವರೆ. ಮೂಲೆಯಲ್ಲಿ ಅಂಕೆಗಳು ಓಡುತ್ತಿದ್ದವು: ಮೂರು ಐವತ್ತೆರಡು, ಇವತ್ತಿನ ತಾರೀಖು.

ಆ ಚಾಪೆಯನ್ನು ಬೆಳಿಗ್ಗೆ ನಾನೇ ಹಾಸಿ ಬಂದಿದ್ದೆ.

ಅದು ನನ್ನ ಮನೆ. ಅವಳು ಅಶ್ವಿನಿ.

ಗಾಡಿ ಬಂತು. ಗೂಡ್ಸು. ಕಾರಿನ ಗಾಜು ನಡುಗತೊಡಗಿತು. 

ಸೋಮವಾರ ಇದೇ ಎರಡು ಪಾಲು ಮಲ್ಲಿಯ ಮುಂದಿತ್ತು. ಎಡಗಡೆ ನನ್ನ ಮುಖ. ಬಲಗಡೆ ನನ್ನ ಮನೆ. ಓದಲು ಬಾರದವಳಿಗೆ ಬರೆದು ತೋರಿಸುವ ಅಗತ್ಯವೇ ಇರಲಿಲ್ಲ. ಮಗಳನ್ನು ತೋರಿಸಿದರೆ ಸಾಕಿತ್ತು.

"ಅಕ್ಕಾ, ನನ್ ಕೂಸು ಹೆಂಗೈತೆ?" ಎಂದು ಅವಳು ಕೇಳಿದ್ದಳು. ಅವಳ ಹತ್ತಿರ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ಅನ್ನಿಸಿತ್ತು. ಅದಕ್ಕೆ ಸುಳ್ಳು ಹೇಳಿದೆ. "ದಾವಣಗೆರೆ ಹಾಸ್ಟೆಲಲ್ಲಿದಾಳೆ ಕಣೇ. ಚೆನ್ನಾಗಿದಾಳೆ. ಅಳು ಗಿಳು ಏನಿಲ್ಲ."

ಹಾಗೆ ಹೇಳುವಾಗ ಅಶ್ವಿನಿ ನನ್ನ ಎದುರಿಗೇ, ಫೋನಿನ ಕಣ್ಣಿಗೆ ಬೀಳದ ಹಾಗೆ ಕೂತಿದ್ದಳು. ದನಿ ಹೊರಡಬಾರದೆಂದು ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಎಡಗಡೆಯಲ್ಲಿ ನನ್ನ ಸುಳ್ಳು. ಬಲಗಡೆಯಲ್ಲಿ ಅಳುವ ಮಗಳು. ತಂಗಿ ಎರಡನ್ನೂ ಒಟ್ಟಿಗೆ ನೋಡುತ್ತಿದ್ದಳು.

ಆ ಮಾತಾದ ಮೇಲೆ ಮಲ್ಲಿ ಕೈಯೆತ್ತಿ ಪರದೆಯ ಬಲಗಡೆಯನ್ನು ಮೆಲ್ಲಗೆ ಸವರಿದಳು. ಒಂದು ಸಲ, ಇನ್ನೊಂದು ಸಲ. ಗಾಜಿನ ಧೂಳು ಒರೆಸುತ್ತಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಆ ರೆಕಾರ್ಡನ್ನು ನಲವತ್ತು ಸಲ ನೋಡಿದರೂ ಹಾಗೇ ಅಂದುಕೊಂಡಿದ್ದೆ.

ಡಬ್ಬಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಕೊನೆಯ ಡಬ್ಬಿಯ ಹಿಂದಿನ ಹಲಗೆ ಕಾಣುವ ತನಕ ಗಾಡಿ ಹೋಯಿತು ಅನ್ನಬಾರದು ಎಂದು ನಮಗೆ ಕಲಿಸಿದ್ದರು. ಹಾಗೇ ಒಂದೊಂದಾಗಿ ನೋಡಿದೆ.

ಕ್ಯಾಮೆರಾ ಎಲ್ಲಿದೆ? ಚಾಪೆ ಹಾಸುವುದು ಅಡುಗೆಮನೆಯ ಬಾಗಿಲ ಬಳಿ. ಅದರ ಎದುರು ಗೋಡೆ. ಆ ಗೋಡೆಯ ಮೇಲೆ, ಅಷ್ಟೆತ್ತರದಲ್ಲಿ ಇರುವುದು ಒಂದೇ ವಸ್ತು. ಗಡಿಯಾರ.

ನನ್ನ ಗೃಹಪ್ರವೇಶಕ್ಕೆ ಏಳು ಗಡಿಯಾರ ಬಂದಿದ್ದವು. ನಮ್ಮ ಕಡೆ ಅದೇ ರೂಢಿ, ಕೊಟ್ಟವರು ಮುಖದ ಮೇಲೆ ತಮ್ಮ ಹೆಸರು ಅಚ್ಚು ಹಾಕಿಸಿಯೇ ಕೊಡುತ್ತಾರೆ. ಏಳು ಗಡಿಯಾರ ಇಟ್ಟುಕೊಂಡು ಮುದುಕಿಯೊಬ್ಬಳು ಏನು ಮಾಡುವುದು, ಎಲ್ಲಿಗೆ ಹೊರಡುವುದಿದೆ ಎಂದು ಎಲ್ಲರೂ ನಕ್ಕಿದ್ದರು. ಆರನ್ನು ಅಟ್ಟಕ್ಕೆ ಹಾಕಿದೆ. 'ಶುಭ ಹಾರೈಕೆಗಳೊಂದಿಗೆ, ಅಲಮೇಲು ಮತ್ತು ರಾಮಸ್ವಾಮಿ, ಕಡೂರು' ಎಂದಿದ್ದ ಏಳನೆಯದನ್ನು ಮಾತ್ರ ನೇತುಹಾಕಿದೆ. ಹತ್ತೊಂಬತ್ತು ವರ್ಷ ನನಗೆ ಟೈಮ್ ಕೊಟ್ಟವರ ಗಡಿಯಾರ ಬಿಟ್ಟು ಬೇರೆಯವರದನ್ನು ಹೇಗೆ ಹಾಕಲಿ?

ಇಪ್ಪತ್ತು ದಿನದ ಹಿಂದೆ, ಮಲ್ಲಿ ಕಾಣೆಯಾಗುವ ಮೊದಲೇ, ಅದು ನಿಂತಿತು. ಅವರೇ ಬಂದು ಬಿಚ್ಚಿಕೊಂಡು ಹೋಗಿ, ರಿಪೇರಿ ಮಾಡಿಸಿ ತಂದು, ಸ್ಟೂಲು ಹತ್ತಿ ತೂಗುಹಾಕಿದರು. ಅಂದೇ, ಅನ್ವಿತಾ ಜೊತೆ ಮಾತಾಡಬೇಕು ಎಂದು, ಕೇಬಲ್ಲಿನವನು ಟೀವಿ ಜೊತೆ ಹಾಕಿಕೊಟ್ಟಿದ್ದ ವೈಫೈಯ ಪಾಸ್‌ವರ್ಡ್ ಕೇಳಿದ್ದರು. ನಾನೇ ಓದಿ ಹೇಳಿದ್ದೆ, ಒಂದೊಂದೇ ಅಕ್ಷರ ಬೆರಳಿಟ್ಟು.

ಪಕ್ಕಕ್ಕೆ ತಿರುಗಿದೆ. ರಾಮಸ್ವಾಮಿ ಈಗ ಗೇಟು ನೋಡುತ್ತಿರಲಿಲ್ಲ. ಟ್ಯಾಬಿನ ಬಲಗಡೆಯನ್ನೇ ನೋಡುತ್ತಿದ್ದರು. ಚಾಪೆಯ ಮೇಲಿನ ಹುಡುಗಿಯನ್ನು.

ಅವರು ಒಂದು ಪ್ರಶ್ನೆ ಕೇಳಬೇಕಿತ್ತು. ಅಯ್ಯೋ, ಹುಡುಗಿ ನಿಮ್ಮನೇಲಿದಾಳಲ್ಲ, ದಾವಣಗೆರೆ ಅಂದಿದ್ರಲ್ಲ ತೀರ್ಥಮ್ಮ? ಯಾರಾದರೂ ಕೇಳುತ್ತಿದ್ದರು.

ಅವರು ಕೇಳಲಿಲ್ಲ.

ಕೊನೆಯ ಡಬ್ಬಿ ಹೋಯಿತು. ಹಲಗೆ ಕಂಡಿತು.

ಬಲಗಡೆಯ ಪಾಲಿನಲ್ಲಿ ಅಶ್ವಿನಿ ತಲೆಯೆತ್ತಿದಳು. ಬಾಗಿಲ ಕಡೆ ನೋಡಿದಳು. ಯಾರೋ ತಟ್ಟಿರಬೇಕು, ಶಬ್ದ ನನಗೆ ಕೇಳಿಸಲಿಲ್ಲ. ಯಾರು ಬಂದರೂ ತೆಗೆಯಬೇಡ ಎಂದು ಹೇಳಿ ಬಂದಿದ್ದೆ. ಅವಳು ಪೆನ್ನು ಕೆಳಗಿಟ್ಟಳು. ಕಿವಿಗೊಟ್ಟಳು. ಪರಿಚಯದ ದನಿ ಕೇಳಿದವಳಂತೆ ಅವಳ ಮುಖ ಸಡಿಲವಾಯಿತು. ಎದ್ದಳು.

"ಸಾರ್, ನನ್ ಫೋನ್ ಕೊಡಿ."

ಅವರು ಕೈ ಚಾಚಿದರು. ಕೈ ಜೇಬಿಗೆ ಹೋಗಲಿಲ್ಲ. ಟ್ಯಾಬಿನ ಮೇಲೆ ಬಂತು. ತೋರುಬೆರಳನ್ನು ನಡುವಿನ ಕಪ್ಪು ಗೆರೆಯ ಮೇಲೆ ಇಟ್ಟರು. ಒಂದೇ ಸಲ ಬಲದ ತುದಿಗೆ ತಳ್ಳಿದರು.

ತಡಕಾಡಲಿಲ್ಲ, ಯಾವುದನ್ನು ಒತ್ತಲಿ ಎಂದು ಹುಡುಕಲಿಲ್ಲ. ಟ್ಯಾಬು ಗೀಬು ಒಂದೂ ತಿಳಿಯದವರ ಬೆರಳು ಅದಲ್ಲ.

ಚಾಪೆ, ಮೊರ, ಬಾಗಿಲ ಕಡೆ ನಡೆಯುತ್ತಿದ್ದ ಹುಡುಗಿ, ಎಲ್ಲ ಗೆರೆಯ ಜೊತೆಗೇ ತಳ್ಳಿಕೊಂಡು ಹೋಗಿ ಮುಚ್ಚಿತು.

"ಬಿಡಿ ತೀರ್ಥಮ್ಮ. ನೋಡಿ ಏನು ಮಾಡ್ತೀರಿ."

ದನಿ ಅದೇ. ಹತ್ತೊಂಬತ್ತು ವರ್ಷ ಕೇಳಿದ ದನಿ.

ಆದರೆ ಅಶ್ವಿನಿ ಹೇಳಿದ್ದಳಲ್ಲ. ಆ ಕಡೆಯದು ಮುಚ್ಚಿದರೆ ಈ ಕಡೆಯದು ದೊಡ್ಡದಾಗುತ್ತದೆ. ಎಡಗಡೆಯ ಕರೆಯ ಆ್ಯಪು ಈಗ ಇಡೀ ಪರದೆಗೆ ಹರಡಿತು. ಅರ್ಧ ಪರದೆಯಲ್ಲಿ ಕಾಣದೆ ಇದ್ದ ಸಾಲುಗಳು ಕಂಡವು.

ಸೋಮವಾರ ನನಗೆ ಮಾಡಿದ ಒಂದು ಕರೆ. ಆಮೇಲೆ ಮಂಗಳವಾರ ಒಂದು. ಬುಧವಾರ ಒಂದು. ಗುರುವಾರ, ಶುಕ್ರವಾರ. ನಾಲ್ಕೂ ಈ ಟ್ಯಾಬಿಗೆ ಬಂದ ಕರೆಗಳು. ನಾಲ್ಕೂ ಒಂದೇ ನಂಬರಿನಿಂದ. ನಾಲ್ಕೂ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ.

ನಂಬರಿಗೆ ಹೆಸರಿರಲಿಲ್ಲ. ನನಗೆ ಹೆಸರು ಬೇಕಿರಲಿಲ್ಲ. ಗುಟ್ಟಿನ ನಂಬರುಗಳನ್ನು ನೆನಪಿಟ್ಟು ಬದುಕಿದವಳು ನಾನು. ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ಬಂತಾ ಎಂದು ಕೇಳಲು ನಾನು ಒತ್ತುತ್ತಿದ್ದ ನಂಬರು ಅದು. ಅಲಮೇಲು ಅಮ್ಮನವರದು.

ಹಾಗಾದರೆ ಗೋದಾಮಿನಿಂದ ಅವಳನ್ನು ಸಾಗಿಸಿ, ದಿನಾ ನಾಲ್ಕಕ್ಕೆ ಕಾಂತರಾಜನಿಗೆ ಅವಳ ಮುಖ ತೋರಿಸುತ್ತಿದ್ದಾರೆ. ಮಲ್ಲಿ ಕಡೂರಿನಲ್ಲಿದ್ದಾಳೆ. ಅವರ ಮನೆಯಲ್ಲಿ. ಜೀವಂತ. ಕನಿಷ್ಠ ನಿನ್ನೆ ನಾಲ್ಕು ಗಂಟೆಯ ತನಕ. ಕಾಂತರಾಜ್ ನಾಲ್ಕು ಎಕರೆ ಬರೆದುಕೊಡಲು ಹೊರಟಿದ್ದ ಆ ಯಾರೋ ನನ್ನ ಪಕ್ಕದಲ್ಲೇ ಕೂತಿದ್ದರು.

ಸಂತೋಷವಾಗಬೇಕಿತ್ತು. ಭಯವಾಗಬೇಕಿತ್ತು. ಎರಡೂ ಎಲ್ಲೋ ಹೊರಗೆ, ಗಾಜಿನ ಆಚೆ ನಿಂತಿದ್ದವು.

ಗೇಟು ಮೇಲೆದ್ದಿತು. ಬೈಕುಗಳು ಹೋದವು. ಟ್ರ್ಯಾಕ್ಟರು ಹೋಯಿತು. ಹಿಂದಿನವನು ಹಾರನ್ ಹೊಡೆದ. ರಾಮಸ್ವಾಮಿ ಕಾರನ್ನು ಹಳಿ ದಾಟಿಸಿದರು. ಬಲಕ್ಕೆ ತಿರುಗಲಿಲ್ಲ.

"ಸಾರ್, ತರೀಕೆರೆ ಈ ಕಡೆ."

"ಗೊತ್ತು."

ಅವರ ಬಲಗೈ ಬಾಗಿಲ ಪಟ್ಟಿಯ ಮೇಲೆ ಏನನ್ನೋ ಒತ್ತಿತು. ನಾಲ್ಕು ಬಾಗಿಲೂ ಒಟ್ಟಿಗೆ ಟಕ್ ಅಂದವು.

ಟ್ಯಾಬಿನ ಮೂಲೆಯಲ್ಲಿ ನಾಲ್ಕು ಗಂಟೆಯಾಯಿತು. ಅದರ ಮರುಕ್ಷಣವೇ ಅದು ನನ್ನ ತೊಡೆಯ ಮೇಲೆ ಗುಂಯ್‌ಗುಡತೊಡಗಿತು. ಅದೇ ನಂಬರು. ಕೆಳಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ.

ನಾನು ರಾಮಸ್ವಾಮಿ ಅವರ ಮುಖ ನೋಡಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಎತ್ತಿ," ಎಂದರು. "ಅವಳು ಕೇಳ್ತಾಳೆ. ಹುಡುಗಿ ದಾವಣಗೆರೇಲಿದಾಳೆ ಅಂತ ಹೇಳಿ. ಸೋಮವಾರದ ತನಕ ಅವಳು ಗಲಾಟೆ ಮಾಡಬಾರದು."

ಟ್ಯಾಬು ಗುಂಯ್‌ಗುಡುತ್ತಲೇ ಇತ್ತು.

"ಇವತ್ತು ಅವಳ ಮುಂದೆ ಬಲಗಡೆ ಏನೂ ಇಲ್ಲ, ತೀರ್ಥಮ್ಮ. ಈ ಸಲ ನಂಬ್ತಾಳೆ."

ಹಸಿರು ಗುಂಡಿಯ ಮೇಲೆ ಬೆರಳಿಟ್ಟೆ.